ಮೂತ್ರಪಿಂಡದ ಕಲ್ಲು, ನೋವು ಮತ್ತು ವಿದ್ಯುತ್ತು

ಮನುಷ್ಯನಿಗೆ ಬರುವ ನೋವುಗಳಲ್ಲಿ ಅತ್ಯಂತ ತೀವ್ರವಾದವು ಯಾವುವು ಎಂದು ವೈದ್ಯರನ್ನು ಕೇಳಿ ನೋಡಿ. ಅವರು ಹೇಳುವ ನಾಲ್ಕಾರು ಹೆಸರುಗಳಲ್ಲಿ ಮೂತ್ರಪಿಂಡದ ಕಲ್ಲಿನ ನೋವು ಖಂಡಿತವಾಗಿ ಇರುತ್ತದೆ. ಜೋಳದ ಕಾಳಿನಷ್ಟು ಗಾತ್ರದ ಒಂದು ಕಲ್ಲು, ಆರಡಿ ಎತ್ತರದ ಗಟ್ಟಿಮುಟ್ಟಾದ ಆಳನ್ನು ನೆಲದ ಮೇಲೆ ಹೊರಳಾಡುವಂತೆ ಮಾಡಬಲ್ಲದು. ಇಷ್ಟು ಸಣ್ಣ ಕಲ್ಲಿಗೆ ಅಷ್ಟು ದೊಡ್ಡ ನೋವು ಏಕೆ? ಅಂಗೈಯಗಲದ ಒಂದು ಬ್ಯಾಟರಿ ಪೆಟ್ಟಿಗೆಯಿಂದ ಹೊರಡುವ ಸಣ್ಣ ವಿದ್ಯುತ್ತು ಆ ನೋವನ್ನು ತಗ್ಗಿಸಬಲ್ಲದೇ? ನೋವು ತಗ್ಗಿದರೆ ರೋಗವೂ ವಾಸಿಯಾದಂತೆಯೇ? ಈ ಮೂರು ಪ್ರಶ್ನೆಗಳನ್ನು ಇಂದು ಒಂದೊಂದಾಗಿ ನೋಡೋಣ. ಮೂರನೆಯ ಪ್ರಶ್ನೆಗೆ ಸರಿಯಾದ ಉತ್ತರ ತಿಳಿದಿರುವುದರಿಂದ ಒಂದು ಮೂತ್ರಪಿಂಡ, ಕೆಲವೊಮ್ಮೆ ಒಂದು ಜೀವವೇ ಉಳಿಯಬಹುದು.

ಮೊದಲು ಕಲ್ಲು ಹುಟ್ಟುವ ಬಗೆಯನ್ನು ತಿಳಿಯೋಣ. ನಮ್ಮ ಎರಡು ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಮತ್ತೆ ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಕ್ಕೆ ಬಿಡುತ್ತವೆ. ದೇಹಕ್ಕೆ ಬೇಡವಾದ ಲವಣಗಳು ಈ ಮೂತ್ರದಲ್ಲಿ ಕರಗಿರುತ್ತವೆ. ನೀರು ಕಡಿಮೆಯಾಗಿ ಲವಣಗಳ ಸಾಂದ್ರತೆ ಮಿತಿ ಮೀರಿದರೆ ಅವು ಹರಳುಗಟ್ಟುತ್ತವೆ. ಗಟ್ಟಿಯಾದ ಸಕ್ಕರೆ ಪಾಕದಲ್ಲಿ ದಾರ ಇಳಿಬಿಟ್ಟಾಗ ಅದರ ಸುತ್ತ ಕಲ್ಲುಸಕ್ಕರೆ ಬೆಳೆಯುವುದನ್ನು ನೀವು ಪ್ರಯೋಗಶಾಲೆಯಲ್ಲಿ ಕಂಡಿರಬಹುದು. ಇದೂ ಅಂಥದ್ದೇ ಕ್ರಿಯೆ. ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದವು. ಯೂರಿಕ್ ಆಮ್ಲದ ಕಲ್ಲುಗಳೂ, ಸೋಂಕಿನಿಂದ ಬೆಳೆಯುವ ಕಲ್ಲುಗಳೂ ಉಂಟು.

ಈ ರೋಗ ಹೊಸದೇನೂ ಅಲ್ಲ. ನಮ್ಮ ಪ್ರಾಚೀನ ವೈದ್ಯರು ಇದನ್ನು ಅಶ್ಮರಿ ಎಂದು ಕರೆದರು. ಅಶ್ಮ ಎಂದರೆ ಕಲ್ಲು. ಮೂತ್ರಕೋಶದ ಕಲ್ಲನ್ನು ಶಸ್ತ್ರಕ್ರಿಯೆಯಿಂದ ತೆಗೆಯುವ ವಿಧಾನವನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ.

ಇನ್ನು ನೋವಿನ ಮಾತು. ಕಲ್ಲು ಮೂತ್ರಪಿಂಡದಲ್ಲಿ ಸುಮ್ಮನೆ ಕುಳಿತಿರುವಷ್ಟು ಕಾಲ ಎಷ್ಟೋ ಜನರಿಗೆ ಅದರ ಅರಿವೇ ಇರುವುದಿಲ್ಲ. ಅದು ಜಾರಿ ಮೂತ್ರನಾಳಕ್ಕೆ ಇಳಿದಾಗ ತೊಂದರೆ ಮೊದಲಾಗುತ್ತದೆ. ಮೂತ್ರನಾಳ ಸುಮಾರು 25ರಿಂದ 30 ಸೆಂಟಿಮೀಟರ್ ಉದ್ದದ ಕೊಳವೆ. ಅದರ ಒಳ ಅಗಲ 3ರಿಂದ 4 ಮಿಲಿಮೀಟರ್ ಮಾತ್ರ. ಅದರಲ್ಲಿಯೂ ಮೂರು ಕಡೆ ಇಕ್ಕಟ್ಟು. ಮೂತ್ರಪಿಂಡದಿಂದ ನಾಳ ಹೊರಡುವ ಜಾಗ ಒಂದು, ಕಾಲಿಗೆ ಹೋಗುವ ದೊಡ್ಡ ರಕ್ತನಾಳವನ್ನು ಅದು ದಾಟುವ ಜಾಗ ಇನ್ನೊಂದು, ಮೂತ್ರಕೋಶವನ್ನು ಸೇರುವ ಜಾಗ ಮತ್ತೊಂದು. ಈ ಮೂರರಲ್ಲಿ ಎಲ್ಲಿಯಾದರೂ ಕಲ್ಲು ಸಿಕ್ಕಿಕೊಳ್ಳಬಹುದು.

ನೋವಿಗೆ ಕಾರಣ ಕಲ್ಲಿನ ಚೂಪಾದ ಅಂಚು ಚುಚ್ಚುವುದೇ ಎಂದು ಅನೇಕರು ತಿಳಿದಿದ್ದಾರೆ. ಮುಖ್ಯ ಕಾರಣ ಅದಲ್ಲ. ಕಲ್ಲು ದಾರಿಗೆ ಅಡ್ಡ ನಿಂತಾಗ ಮೇಲಿನಿಂದ ಬರುವ ಮೂತ್ರ ಮುಂದೆ ಹರಿಯಲಾರದೆ ಹಿಂದೆ ಒತ್ತುತ್ತದೆ. ಮೂತ್ರಪಿಂಡದ ಒಳಗಿನ ಒತ್ತಡ ಏರಿ ಅದರ ಗೋಡೆ ಹಿಗ್ಗುತ್ತದೆ. ಹಿಗ್ಗಿದ ಗೋಡೆಯಿಂದ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಹೊರಬರುತ್ತವೆ. ಇವುಗಳಿಂದ ಮೂತ್ರಪಿಂಡಕ್ಕೆ ರಕ್ತ ಹೆಚ್ಚಾಗಿ ಹರಿದು ಬರುತ್ತದೆ; ರಕ್ತ ಹೆಚ್ಚಿದಂತೆ ಮೂತ್ರವೂ ಹೆಚ್ಚುತ್ತದೆ; ಒತ್ತಡ ಮತ್ತಷ್ಟು ಏರುತ್ತದೆ. ಇದರ ಜೊತೆಗೆ ನಾಳದ ಸ್ನಾಯುಗಳು ಕಲ್ಲನ್ನು ನೂಕಲೆಂದು ಮತ್ತೆ ಮತ್ತೆ ಬಿಗಿಯುತ್ತವೆ. ಆದ್ದರಿಂದಲೇ ಈ ನೋವು ಅಲೆಅಲೆಯಾಗಿ ಏರಿ ಇಳಿಯುತ್ತದೆ. ಇಂಥ ನೋವಿಗೆ ಕನ್ನಡದಲ್ಲಿ ಶೂಲೆ ಎಂಬ ಹೆಸರಿದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗಿನ ಪೊರೆ ಉರಿಯೂತಗೊಂಡವರು ಅಲುಗಾಡದೆ ಮಲಗುತ್ತಾರೆ. ಅಲುಗಿದರೆ ನೋವು ಹೆಚ್ಚುತ್ತದೆ. ಕಲ್ಲಿನ ಶೂಲೆ ಬಂದವರು ಒಂದು ಕಡೆ ನಿಲ್ಲಲಾರರು, ಕೂರಲಾರರು, ಮಲಗಲಾರರು. ಹಾಸ್ಟೆಲಿನಲ್ಲಿ ಗೆಳೆಯನೊಬ್ಬ ಅರ್ಧರಾತ್ರಿಯಲ್ಲಿ ಸೊಂಟ ಹಿಡಿದುಕೊಂಡು ಹೊರಳಾಡುತ್ತಿದ್ದರೆ "ಇವನದು ನಾಟಕ" ಎಂದು ನಗಬೇಡಿ. ಹೊರಳಾಟವೇ ಈ ರೋಗದ ಲಕ್ಷಣ.

ಇನ್ನೊಂದು ವಿಚಿತ್ರವೂ ಇದೆ. ಕಲ್ಲು ಇರುವುದು ಹೊಟ್ಟೆಯ ಹಿಂಭಾಗದಲ್ಲಿ, ಆಳದಲ್ಲಿ. ನೋವು ಕಾಣಿಸುವುದು ಪಕ್ಕೆಯಿಂದ ತೊಡೆಸಂದಿಯವರೆಗೆ. ಏಕೆ ಹೀಗೆ? ಮೂತ್ರಪಿಂಡ ಮತ್ತು ಮೂತ್ರನಾಳಗಳ ಸಂವೇದನೆಯನ್ನು ಹೊರುವ ನರಗಳು ಬೆನ್ನುಹುರಿಯ ಎದೆಯ ಭಾಗದ ಕೊನೆ ಮತ್ತು ಸೊಂಟದ ಭಾಗದ ಮೊದಲಲ್ಲಿ ಒಳಹೊಗುತ್ತವೆ. ಪಕ್ಕೆಯ ಮತ್ತು ತೊಡೆಸಂದಿಯ ಚರ್ಮದ ನರಗಳೂ ಅದೇ ಮಟ್ಟದಲ್ಲಿ ಒಳಹೊಗುತ್ತವೆ. ಎರಡೂ ಕಡೆಯ ಸುದ್ದಿ ಬೆನ್ನುಹುರಿಯ ಒಂದೇ ನರಕೋಶಗಳಿಗೆ ತಲುಪುತ್ತದೆ. ಮಿದುಳಿಗೆ ಚರ್ಮದ ಸುದ್ದಿ ದಿನನಿತ್ಯ ಕೇಳಿ ಅಭ್ಯಾಸ, ಒಳಾಂಗದ ಸುದ್ದಿ ಅಪರೂಪ. ಆದ್ದರಿಂದ ಅದು ನೋವಿನ ಮೂಲ ಚರ್ಮದ ಕಡೆ ಇದೆಯೆಂದು ಭಾವಿಸುತ್ತದೆ. ಹೃದಯಕ್ಕೆ ಆಘಾತವಾದಾಗ ಎಡತೋಳು ನೋಯುವುದೂ ಇದೇ ಕಾರಣದಿಂದ. ಈ ವಿಷಯ ನೆನಪಿರಲಿ. ವಿದ್ಯುತ್ ಚಿಕಿತ್ಸೆಯ ಗುಟ್ಟು ಇಲ್ಲಿಯೇ ಅಡಗಿದೆ.

ಈಗ ನರಗಳ ಕಡೆಗೆ ಬರೋಣ. ಒಂದು ನರವೆಂದರೆ ಒಂದೇ ತಂತಿಯಲ್ಲ, ಸಾವಿರಾರು ತಂತುಗಳ ಕಟ್ಟು. ಎಲ್ಲ ತಂತುಗಳೂ ಒಂದೇ ಬಗೆಯವಲ್ಲ, ಒಂದೇ ವೇಗದವೂ ಅಲ್ಲ. ಇದನ್ನು ಅಳೆದು ತೋರಿಸಿದ ಅಮೆರಿಕದ ಜೋಸೆಫ್ ಎರ್ಲಾಂಗರ್ ಮತ್ತು ಹರ್ಬರ್ಟ್ ಗ್ಯಾಸರ್ ಅವರಿಗೆ 1944ರ ನೊಬೆಲ್ ಬಹುಮಾನ ದೊರೆಯಿತು. ಸ್ಪರ್ಶವನ್ನು ಒಯ್ಯುವ ದಪ್ಪ ತಂತುಗಳಲ್ಲಿ ಸಂದೇಶ ಸೆಕೆಂಡಿಗೆ 35ರಿಂದ 75 ಮೀಟರ್ ವೇಗದಲ್ಲಿ ಓಡುತ್ತದೆ. ಮಂದವಾದ, ಉರಿಯುವ ನೋವನ್ನು ಒಯ್ಯುವ ತೆಳುವಾದ ತಂತುಗಳಲ್ಲಿ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್ ಮಾತ್ರ. ಇವೆರಡರ ನಡುವೆ, ಚುಚ್ಚಿದಂಥ ಚುರುಕು ನೋವನ್ನು ಒಯ್ಯುವ ಮಧ್ಯಮ ವೇಗದ ತಂತುಗಳೂ ಇವೆ. ಕಾಲಿನ ಹೆಬ್ಬೆರಳು ಹೊಸ್ತಿಲಿಗೆ ಎಡವಿದಾಗ ಮೊದಲು ಚುರುಕ್ಕೆನ್ನುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಆಳವಾದ ನೋವು ಬರುತ್ತದೆ. ಹೆಬ್ಬೆರಳಿನಿಂದ ಬೆನ್ನುಹುರಿಗೆ ಸುಮಾರು ಒಂದು ಮೀಟರ್ ದೂರ ಎಂದು ಇಟ್ಟುಕೊಂಡು ಎರಡೂ ಬಗೆಯ ತಂತುಗಳಿಗೆ ಬೇಕಾದ ಸಮಯವನ್ನು ನೀವೇ ಲೆಕ್ಕ ಹಾಕಿ ನೋಡಿ. ಎರಡನೆಯ ನೋವು ತಡವಾಗಿ ಬರುವುದು ಏಕೆಂದು ತಿಳಿಯುತ್ತದೆ.

ಎಡವಿದ ಮೇಲೆ ನೀವು ಮಾಡುವುದೇನು? ಬಗ್ಗಿ ಬೆರಳನ್ನು ಉಜ್ಜಿಕೊಳ್ಳುತ್ತೀರಿ. ಮಗುವಿನ ಮಂಡಿಗೆ ಪೆಟ್ಟಾದರೆ ಅಜ್ಜಿಯೂ ಅದನ್ನೇ ಮಾಡುತ್ತಾಳೆ. ಉಜ್ಜಿದರೆ ನೋವು ಕಡಿಮೆಯಾಗುತ್ತದೆ. ಎಲ್ಲರಿಗೂ ಗೊತ್ತಿದ್ದ ಈ ಸಂಗತಿಗೆ ವೈಜ್ಞಾನಿಕ ವಿವರಣೆಯನ್ನು 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಮುಂದಿಟ್ಟರು. ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಬಾಗಿಲಿದೆ ಎಂಬುದು ಅವರ ವಾದ. ತೆಳುವಾದ ತಂತುಗಳ ಸಂದೇಶ ಆ ಬಾಗಿಲನ್ನು ತೆರೆಯುತ್ತದೆ, ದಪ್ಪ ತಂತುಗಳ ಸಂದೇಶ ಅದನ್ನು ಮುಚ್ಚುತ್ತದೆ. ಉಜ್ಜಿದಾಗ ಸ್ಪರ್ಶದ ದಪ್ಪ ತಂತುಗಳು ಕೆರಳುತ್ತವೆ, ಬಾಗಿಲು ಅರೆಮುಚ್ಚುತ್ತದೆ, ಮಿದುಳಿಗೆ ಹೋಗುವ ನೋವು ತಗ್ಗುತ್ತದೆ. ಮಿದುಳಿನಿಂದ ಕೆಳಗಿಳಿದು ಬರುವ ಆಜ್ಞೆಗಳೂ ಈ ಬಾಗಿಲಿನ ಮೇಲೆ ಪ್ರಭಾವ ಬೀರುತ್ತವೆ. ಈ ಸಿದ್ಧಾಂತದ ವಿವರಗಳು ಅನಂತರ ಎಷ್ಟೋ ತಿದ್ದುಪಡಿಗೆ ಒಳಗಾಗಿವೆ. ಆದರೆ ನೋವಿನ ಸುದ್ದಿ ಬೆನ್ನುಹುರಿಯಲ್ಲಿಯೇ ಹೆಚ್ಚುಕಡಿಮೆ ಆಗಬಲ್ಲದು ಎಂಬ ಮೂಲ ವಿಚಾರ ಉಳಿದುಕೊಂಡಿದೆ.

ಉಜ್ಜುವ ಕೆಲಸವನ್ನು ವಿದ್ಯುತ್ತಿನಿಂದಲೇ ಮಾಡಿಸಿದರೆ ಹೇಗೆ? 1967ರಲ್ಲಿ ವಾಲ್ ಮತ್ತು ನರಶಸ್ತ್ರವೈದ್ಯ ವಿಲಿಯಂ ಸ್ವೀಟ್ ಇದನ್ನು ಪರೀಕ್ಷಿಸಿದರು. ರೋಗಿಗಳ ಮೇಲೆ ಪ್ರಯೋಗಿಸುವ ಮೊದಲು ತಮ್ಮದೇ ಮುಖದ ನರಕ್ಕೆ ಸೂಜಿ ಚುಚ್ಚಿಕೊಂಡು ವಿದ್ಯುತ್ತು ಹರಿಸಿ ನೋಡಿದರು. ಆಮೇಲೆ ಬಹುಕಾಲದಿಂದ ತೀವ್ರ ನೋವು ಅನುಭವಿಸುತ್ತಿದ್ದ 8 ರೋಗಿಗಳ ನರಗಳಿಗೆ ಸೆಕೆಂಡಿಗೆ 100 ಬಾರಿ ಸಣ್ಣ ಮಿಡಿತಗಳನ್ನು ಕೊಟ್ಟರು. ವಿದ್ಯುತ್ತು ಹರಿಯುತ್ತಿದ್ದಾಗ, ಮುಟ್ಟಿದರೆ ನೋಯುತ್ತಿದ್ದ ಜಾಗವನ್ನು ಒತ್ತಿದರೂ ನೋವು ಬರಲಿಲ್ಲ. ಅವರಲ್ಲಿ ನಾಲ್ವರಿಗೆ ಎರಡೇ ನಿಮಿಷದ ಚಿಕಿತ್ಸೆಯಿಂದ ಅರ್ಧ ಗಂಟೆಗೂ ಮೀರಿ ನೆಮ್ಮದಿ ಸಿಕ್ಕಿತು.

ಹಾಗೆ ನೋಡಿದರೆ ನೋವಿಗೆ ವಿದ್ಯುತ್ತನ್ನು ಬಳಸುವುದು ಬಹಳ ಹಳೆಯ ಪದ್ಧತಿ. ಕ್ರಿ.ಶ. ಒಂದನೆಯ ಶತಮಾನದ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ತಲೆನೋವು ಮತ್ತು ಕೀಲುವಾತಗಳಿಗೆ ವಿದ್ಯುತ್ತು ಹೊಮ್ಮಿಸುವ ಟಾರ್ಪಿಡೋ ಮೀನನ್ನು ನೋಯುವ ಜಾಗಕ್ಕೆ ತಾಗಿಸುವಂತೆ ಬರೆದಿದ್ದಾನೆ. ವಿದ್ಯುತ್ತು ಎಂದರೇನೆಂದು ಯಾರಿಗೂ ತಿಳಿಯದ ಕಾಲದ ಮಾತು ಅದು.

ಇಂದಿನ ಯಂತ್ರಕ್ಕೆ ಮೀನು ಬೇಡ, ಸೂಜಿಯೂ ಬೇಡ. ಇದನ್ನು ಟೆನ್ಸ್ ಎನ್ನುತ್ತಾರೆ. ಚರ್ಮದ ಮೂಲಕ ನರಗಳಿಗೆ ಕೊಡುವ ವಿದ್ಯುತ್ ಪ್ರಚೋದನೆ ಎಂದು ಅದರ ಅರ್ಥ. ಒಂದು ಸಣ್ಣ ಪೆಟ್ಟಿಗೆ, ಅದರಲ್ಲಿ ಬ್ಯಾಟರಿ, ಅದರಿಂದ ಹೊರಡುವ ತಂತಿಗಳು, ತಂತಿಗಳ ತುದಿಯಲ್ಲಿ ಚರ್ಮಕ್ಕೆ ಅಂಟಿಕೊಳ್ಳುವ ಪಟ್ಟಿಗಳು, ಇಷ್ಟೇ ಅದರ ರಚನೆ. ಪೆಟ್ಟಿಗೆಯೊಳಗಿನ ಮಂಡಲ ಬ್ಯಾಟರಿಯ ವಿದ್ಯುತ್ತನ್ನು ಬಿಡಿಬಿಡಿ ಮಿಡಿತಗಳನ್ನಾಗಿ ಮಾಡುತ್ತದೆ. ಒಂದೊಂದು ಮಿಡಿತದ ಅವಧಿ ಸಾಮಾನ್ಯವಾಗಿ ಒಂದು ಸೆಕೆಂಡಿನ ಹತ್ತುಸಾವಿರದ ಒಂದೆರಡು ಭಾಗ ಮಾತ್ರ. ಪ್ರವಾಹ ಕೆಲವೇ ಮಿಲಿಆಂಪಿಯರುಗಳಿಂದ ಕೆಲವು ಹತ್ತು ಮಿಲಿಆಂಪಿಯರುಗಳಷ್ಟು. ಇಷ್ಟು ಕ್ಷಣಿಕವಾದ ಮಿಡಿತಕ್ಕೆ ದಪ್ಪ ತಂತುಗಳು ಸುಲಭವಾಗಿ ಓಗೊಡುತ್ತವೆ; ತೆಳುವಾದ ನೋವಿನ ತಂತುಗಳನ್ನು ಕೆರಳಿಸಲು ಇದು ಸಾಲದು. ಆದ್ದರಿಂದ ರೋಗಿಗೆ ಜುಮುಜುಮು ಅನ್ನಿಸುತ್ತದೆ, ನೋವಾಗುವುದಿಲ್ಲ.

ಮಿಡಿತಗಳನ್ನು ಎರಡು ರೀತಿಯಲ್ಲಿ ಕೊಡಬಹುದು. ಸೆಕೆಂಡಿಗೆ 100ರ ಆಸುಪಾಸಿನಲ್ಲಿ ಕೊಟ್ಟರೆ ಬಾಗಿಲು ಮುಚ್ಚುವ ಕ್ರಿಯೆ ಬೇಗ ಆರಂಭವಾಗುತ್ತದೆ. ಯಂತ್ರ ನಿಂತ ಮೇಲೆ ಪರಿಣಾಮವೂ ಬೇಗ ಇಳಿಯುತ್ತದೆ. ಸೆಕೆಂಡಿಗೆ 2ರಿಂದ 4ರಂತೆ ನಿಧಾನವಾಗಿ, ಸ್ನಾಯು ಮಿಡಿಯುವಷ್ಟು ಬಲವಾಗಿ ಕೊಟ್ಟರೆ ದೇಹ ತನ್ನದೇ ಆದ ಅಫೀಮಿನಂಥ ವಸ್ತುಗಳನ್ನು ಹೊರಬಿಡುತ್ತದೆ. ಅಂಥ ವಸ್ತುಗಳನ್ನು 1975ರಲ್ಲಿ ಸ್ಕಾಟ್‌ಲೆಂಡಿನ ಅಬರ್ಡೀನಿನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕಾಸ್ಟರ್ಲಿಟ್ಜ್ ಗುರುತಿಸಿ ಎನ್ಕೆಫಾಲಿನ್ ಎಂದು ಹೆಸರಿಟ್ಟರು.

ಕಲ್ಲಿನ ನೋವಿಗೆ ಇದನ್ನು ಬಳಸುವುದು ಹೇಗೆ? ಆಳದಲ್ಲಿರುವ ಮೂತ್ರನಾಳವನ್ನು ಈ ಪುಟ್ಟ ಪ್ರವಾಹ ಮುಟ್ಟಬೇಕಾಗಿಲ್ಲ. ಪಕ್ಕೆಯ ಚರ್ಮದ ನರಗಳೂ ಮೂತ್ರನಾಳದ ನರಗಳೂ ಬೆನ್ನುಹುರಿಯ ಒಂದೇ ಮಟ್ಟಕ್ಕೆ ಬರುತ್ತವೆ ಎಂದು ಆಗಲೇ ಹೇಳಿದೆ. ಆದ್ದರಿಂದ ನೋವು ಕಾಣಿಸುವ ಪಕ್ಕೆಯ ಮೇಲೆ ಪಟ್ಟಿಗಳನ್ನು ಅಂಟಿಸಿ ಚರ್ಮದ ದಪ್ಪ ತಂತುಗಳನ್ನು ಪ್ರಚೋದಿಸಿದರೆ, ಒಳಗಿನ ನೋವಿನ ಸುದ್ದಿಗೂ ಅದೇ ಬಾಗಿಲು ಅರೆಮುಚ್ಚುತ್ತದೆ.

ಇದು ತರ್ಕವಾಯಿತು. ತರ್ಕ ಎಷ್ಟೇ ಸೊಗಸಾಗಿದ್ದರೂ ವಿಜ್ಞಾನ ಪರೀಕ್ಷೆ ಕೇಳುತ್ತದೆ. ಆಸ್ಟ್ರಿಯಾದ ವೈದ್ಯರು ಇಂಥ ಪರೀಕ್ಷೆಯೊಂದನ್ನು ನಡೆಸಿ 2006ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಕಲ್ಲಿನ ಶೂಲೆಯೆಂದು ಕಂಡುಬಂದವರನ್ನು ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಒಯ್ಯುವಾಗ ಕೆಲವರಿಗೆ ನಿಜವಾದ ಟೆನ್ಸ್, ಕೆಲವರಿಗೆ ವಿದ್ಯುತ್ತು ಹರಿಯದ ಹುಸಿ ಟೆನ್ಸ್ ಹಾಕಿದರು. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಲಾಗಿತ್ತು. ನೋವನ್ನು ಸೊನ್ನೆಯಿಂದ 100ರವರೆಗಿನ ಅಳತೆಯಲ್ಲಿ ರೋಗಿಗಳೇ ಗುರುತಿಸಿದರು. ನಿಜವಾದ ಟೆನ್ಸ್ ಪಡೆದವರ ಸರಾಸರಿ ನೋವು 85ರ ಆಸುಪಾಸಿನಿಂದ 33ರ ಆಸುಪಾಸಿಗೆ ಇಳಿಯಿತು. ಹುಸಿ ಟೆನ್ಸ್ ಪಡೆದವರ ನೋವು ಹೆಚ್ಚುಕಡಿಮೆ ಇದ್ದಷ್ಟೇ ಇತ್ತು.

ಫಲಿತಾಂಶ ಆಶಾದಾಯಕವಾದದ್ದು. ಆದರೂ ನೀವು ವಿಜ್ಞಾನದ ವಿದ್ಯಾರ್ಥಿಗಳಾಗಿ ಎರಡು ಪ್ರಶ್ನೆಗಳನ್ನು ಕೇಳಬೇಕು. ಅಧ್ಯಯನದಲ್ಲಿ ಎಷ್ಟು ಜನರಿದ್ದರು? ನೂರಕ್ಕಿಂತ ಹೆಚ್ಚಲ್ಲ. ತಮಗೆ ಯಾವ ಯಂತ್ರ ಸಿಕ್ಕಿತೆಂದು ರೋಗಿಗಳು ಊಹಿಸುವಂತಿತ್ತೇ? ಟೆನ್ಸ್ ಕುರಿತ ಎಲ್ಲ ಅಧ್ಯಯನಗಳಿಗೂ ಈ ತೊಡಕು ಇದ್ದದ್ದೇ. ಸಕ್ಕರೆ ಗುಳಿಗೆಯನ್ನು ಔಷಧಿಯಂತೆ ಕಾಣುವ ಹಾಗೆ ಮಾಡಬಹುದು. ಜುಮುಗುಡದ ಯಂತ್ರವನ್ನು ಜುಮುಗುಡುವಂತೆ ನಟಿಸುವುದು ಕಷ್ಟ. ಆದ್ದರಿಂದ ಟೆನ್ಸ್ ಅನ್ನು ಸಹಾಯಕ ಚಿಕಿತ್ಸೆ ಎಂದು ಪರಿಗಣಿಸುವುದು ಉಚಿತ. ಈ ನೋವಿಗೆ ವೈದ್ಯರು ಮೊದಲು ಕೊಡುವುದು ಡೈಕ್ಲೋಫಿನ್ಯಾಕ್‌ನಂಥ ಔಷಧಿ. ಅದು ಪ್ರೋಸ್ಟಾಗ್ಲಾಂಡಿನ್ ತಯಾರಿಯನ್ನೇ ತಡೆಯುತ್ತದೆ, ಅಂದರೆ ನೋವಿನ ಬುಡಕ್ಕೇ ಕೈ ಹಾಕುತ್ತದೆ. ಆದರೆ ಈ ಔಷಧಿ ಎಲ್ಲರಿಗೂ ಒಗ್ಗದು. ಹೊಟ್ಟೆಹುಣ್ಣು ಇರುವವರು, ಮೂತ್ರಪಿಂಡ ಮೊದಲೇ ದುರ್ಬಲವಾಗಿರುವವರು ಇದರಿಂದ ದೂರವಿರಬೇಕಾಗುತ್ತದೆ. ಅಂಥವರಿಗೆ, ಮತ್ತು ಆಸ್ಪತ್ರೆ ತಲುಪುವ ದಾರಿಯಲ್ಲಿ, ಟೆನ್ಸ್ ಉಪಕಾರಿಯಾಗಬಹುದು.

ಈಗ ಮೂರನೆಯ ಪ್ರಶ್ನೆಗೆ ಬರೋಣ. ನೋವು ಇಳಿದರೆ ರೋಗ ಹೋಯಿತೇ? ಇಲ್ಲ. ಟೆನ್ಸ್ ಕಲ್ಲನ್ನು ಒಡೆಯುವುದಿಲ್ಲ, ಕರಗಿಸುವುದಿಲ್ಲ. ಕಲ್ಲು ಒಡೆಯುವ ಆಘಾತ ತರಂಗದ ಯಂತ್ರವೇ ಬೇರೆ. ಅದನ್ನು 1980ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮೊದಲ ಬಾರಿಗೆ ರೋಗಿಯ ಮೇಲೆ ಬಳಸಲಾಯಿತು. ಟೆನ್ಸ್ ಮಾಡುವುದು ಸುದ್ದಿಯನ್ನು ತಡೆಯುವ ಕೆಲಸ ಮಾತ್ರ. ಮನೆಗೆ ಬೆಂಕಿ ಬಿದ್ದಾಗ ಗಂಟೆಯ ಸದ್ದು ನಿಲ್ಲಿಸಿದರೆ ಬೆಂಕಿ ಆರುವುದಿಲ್ಲ, ಅಲ್ಲವೇ? 5 ಮಿಲಿಮೀಟರಿಗಿಂತ ಸಣ್ಣ ಕಲ್ಲುಗಳಲ್ಲಿ ಹೆಚ್ಚಿನವು ದಿನಗಳಲ್ಲೋ ವಾರಗಳಲ್ಲೋ ತಾವಾಗಿಯೇ ಹೊರಬೀಳುತ್ತವೆ. 10 ಮಿಲಿಮೀಟರಿಗಿಂತ ದೊಡ್ಡವು ಹಾಗೆ ಬೀಳುವುದು ಅಪರೂಪ. ನೋವಿಲ್ಲವೆಂದು ಸುಮ್ಮನಿದ್ದರೆ ತಡೆಯ ಹಿಂದೆ ಮೂತ್ರಪಿಂಡ ಸದ್ದಿಲ್ಲದೆ ಕೆಡಬಹುದು.

ಆದ್ದರಿಂದ ಕೆಲವು ಲಕ್ಷಣಗಳನ್ನು ನೀವು ಕಂಠಪಾಠ ಮಾಡಿಟ್ಟುಕೊಳ್ಳಬೇಕು. ಪಕ್ಕೆನೋವಿನ ಜೊತೆಗೆ ಚಳಿಜ್ವರ ಬಂದರೆ ಅದು ತುರ್ತು. ತಡೆಯ ಹಿಂದೆ ನಿಂತ ಮೂತ್ರಕ್ಕೆ ಸೋಂಕು ತಗುಲಿದ್ದರೆ, ಅದು ಗಂಟೆಗಳಲ್ಲಿ ರಕ್ತಕ್ಕೆ ಹರಡಬಹುದು. ಮೂತ್ರವೇ ನಿಂತುಹೋದರೆ ತುರ್ತು. ಒಂದೇ ಮೂತ್ರಪಿಂಡ ಇರುವವರಿಗೆ ಈ ನೋವು ಬಂದರೆ ತುರ್ತು. ವಾಂತಿ ನಿಲ್ಲದಿದ್ದರೆ, ಗರ್ಭಿಣಿಗೆ ನೋವು ಬಂದರೆ ಕೂಡಲೇ ವೈದ್ಯರನ್ನು ಕಾಣಬೇಕು. ಅರವತ್ತು ದಾಟಿದವರಿಗೆ ಮೊದಲ ಬಾರಿಗೆ ಇಂಥ ನೋವು ಬಂದರೆ ಅದು ಕಲ್ಲೇ ಎಂದು ತೀರ್ಮಾನಿಸಬಾರದು. ಹೊಟ್ಟೆಯ ಮಹಾಧಮನಿ ಊದಿ ಸೋರುವಾಗಲೂ ಹೀಗೆಯೇ ನೋಯುತ್ತದೆ. ಈ ಯಾವ ಸಂದರ್ಭದಲ್ಲಿಯೂ ಯಂತ್ರ ಅಂಟಿಸಿಕೊಂಡು ಬೆಳಗಿನ ತನಕ ಕಾಯಬಾರದು.

ಯಂತ್ರದ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಹೃದಯದಲ್ಲಿ ಪೇಸ್‌ಮೇಕರ್ ಇರುವವರು ಇದನ್ನು ವೈದ್ಯರ ಅನುಮತಿಯಿಲ್ಲದೆ ಬಳಸಬಾರದು. ಕತ್ತಿನ ಮುಂಭಾಗಕ್ಕೆ, ಗಾಯವಾದ ಚರ್ಮಕ್ಕೆ, ಗರ್ಭಿಣಿಯ ಹೊಟ್ಟೆಗೆ ಪಟ್ಟಿ ಅಂಟಿಸಬಾರದು. ಸ್ನಾನ ಮಾಡುವಾಗ, ವಾಹನ ಓಡಿಸುವಾಗ ಬಳಸಬಾರದು. ನಿಮ್ಮಲ್ಲಿ ಎಲೆಕ್ಟ್ರಾನಿಕ್ಸ್ ಆಸಕ್ತಿ ಇರುವವರು ಅನೇಕರಿರಬಹುದು. ಅವರಿಗೆ ಒಂದು ಮಾತು. ಇದನ್ನು ಮನೆಯಲ್ಲಿ ತಯಾರಿಸಿ ಮೈಮೇಲೆ ಪರೀಕ್ಷಿಸುವ ಸಾಹಸ ಬೇಡ. ಮನೆಯ ವಿದ್ಯುತ್ತು 230 ವೋಲ್ಟ್. ಬೆವರಿನಿಂದ ಒದ್ದೆಯಾದ ಚರ್ಮದ ಮೂಲಕ ಅದು ಹೃದಯಕ್ಕೆ ತಲುಪಿದರೆ ಹೃದಯ ನಿಲ್ಲಲು ಕೆಲವೇ ಕ್ಷಣ ಸಾಕು.

ಕೊನೆಯದಾಗಿ, ಕಲ್ಲು ಬಾರದಂತೆ ಏನು ಮಾಡಬಹುದು? ರಾಯಚೂರು, ಕಲಬುರಗಿ, ಬಳ್ಳಾರಿಗಳ ಬೇಸಿಗೆಯಲ್ಲಿ ಕುಡಿದ ನೀರು ಬೆವರಾಗಿಯೇ ಹೋಗುತ್ತದೆ, ಮೂತ್ರ ಗಾಢವಾಗುತ್ತದೆ. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಬರುವಷ್ಟು ನೀರು ಕುಡಿಯಬೇಕು. ಅಳೆಯಬೇಕಾಗಿಲ್ಲ, ಬಣ್ಣ ನೋಡಿದರೆ ಸಾಕು. ತೆಳು ಹಳದಿ ಇದ್ದರೆ ಸರಿ. ಶಾಲೆಯಲ್ಲಿ ಶೌಚಾಲಯಕ್ಕೆ ಹೋಗುವ ಸಂಕೋಚದಿಂದ ನೀರನ್ನೇ ಕುಡಿಯದಿರುವ ಅಭ್ಯಾಸ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ ಇದೆ. ಅದನ್ನು ಬಿಡಬೇಕು. ಸ್ವಚ್ಛವಾದ ಶೌಚಾಲಯ ಒದಗಿಸುವುದು ಶಾಲೆಯ ಹೊಣೆ. ಉಪ್ಪು ಕಡಿಮೆ ಮಾಡಬೇಕು. ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆಯೆಂದು ಹಾಲು, ಮೊಸರು ಬಿಡುವವರಿದ್ದಾರೆ. ಅದು ತಪ್ಪು. ಆಹಾರದ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಹೊರಹಾಕುತ್ತದೆ. ಇಟಲಿಯ ವೈದ್ಯರು 2002ರಲ್ಲಿ ಪ್ರಕಟಿಸಿದ 5 ವರ್ಷಗಳ ಅಧ್ಯಯನದಲ್ಲಿ, ಸಾಕಷ್ಟು ಕ್ಯಾಲ್ಸಿಯಂ ತಿಂದು ಉಪ್ಪು ಮತ್ತು ಮಾಂಸ ಮಿತಗೊಳಿಸಿದವರಲ್ಲಿ ಕಲ್ಲು ಮರುಕಳಿಸಿದ್ದು, ಕ್ಯಾಲ್ಸಿಯಂ ಬಿಟ್ಟವರಿಗಿಂತ ಸುಮಾರು ಅರ್ಧದಷ್ಟು ಮಾತ್ರ. ಬಾಳೆದಿಂಡಿನ ಪಲ್ಯ, ಹುರುಳಿಕಟ್ಟಿನ ಸಾರು ನಮ್ಮ ಮನೆಗಳ ಹಳೆಯ ಉಪಚಾರ. ಊಟವಾಗಿ ಅವು ಒಳ್ಳೆಯವೇ. ಆದರೆ ನಾಳದಲ್ಲಿ ಸಿಕ್ಕಿಕೊಂಡ ಕಲ್ಲಿಗೆ ಅವನ್ನೇ ನೆಚ್ಚಿ ದಿನ ಕಳೆಯಬಾರದು.

ಮಿತ್ರರೇ, ನೋವು ನಮ್ಮ ಶತ್ರುವೂ ಹೌದು, ಕಾವಲುಗಾರನೂ ಹೌದು. ನೋಯುವವರನ್ನು ನೋಯಲು ಬಿಡುವುದು ಕ್ರೌರ್ಯ. ಅವರಿಗೆ ಶಮನ ಒದಗಿಸುವುದು ವೈದ್ಯನ ಮೊದಲ ಕರ್ತವ್ಯ. ಆದರೆ ಕಾವಲುಗಾರನನ್ನು ಸುಮ್ಮನಿರಿಸುವ ಮುನ್ನ ಅವನು ಕೂಗಿದ್ದು ಏಕೆಂದು ಎದ್ದು ಹೋಗಿ ನೋಡಬೇಕು. ನಿಮ್ಮಲ್ಲಿ ಕೆಲವರು ಮುಂದೆ ವೈದ್ಯರಾಗುವಿರಿ, ಕೆಲವರು ಇಂಥ ಯಂತ್ರಗಳನ್ನು ರೂಪಿಸುವ ಎಂಜಿನಿಯರುಗಳಾಗುವಿರಿ. ಯಾವ ಕೆಲಸದಲ್ಲಿದ್ದರೂ ಈ ಎರಡು ಕರ್ತವ್ಯಗಳನ್ನು ಮರೆಯದಿರಿ.